ಬ್ರಾಯನ್ ಅಜ್ಜ ಊರಿಗೆ ಬರ್ತಾರೆ

ಟೂಟಿಂಗ್, ಲಂಡನ್
ನವೆಂಬರ್ 1998

ಅಕ್ಕಾ,

ನಮ್ಮ ಹೋಟೆಲಿಗೆ ದಿನಾ ದೋಸೆಗೆ ಬರುವ ಬ್ರಾಯನ್ ಅಜ್ಜ ಫ್ಲಾಟ್ ಮಾರಿದ್ರು. ಮುಂದಿನ ತಿಂಗಳಿಂದ ನಮ್ಮ ಕುಂದಾಪುರದಲ್ಲೇ, ನಿನ್ನ ಮನೆಯಲ್ಲೇ ಇರ್ತಾರಂತೆ. ಇಲ್ಲಿ ನಂಗೆ ಮಾತಾಡ್ಲಿಕ್ಕೆ ಇದ್ದದ್ದು ಅವರೊಬ್ಬರೇ. ಊರು ನೆನಪಾದಾಗೆಲ್ಲ ಅವರ ಹತ್ತಿರ ಕಡಲು, ಬಿಸಿಲು, ನಿನ್ನ ಮೀನುಸಾರು ಅಂತ ಹೇಳ್ತಾ ಇದ್ದೆ. ಸೆಖೆ, ಸೊಳ್ಳೆ, ಕರೆಂಟ್ ಹೋಗೋದು ಯಾವುದೂ ಹೇಳ್ಲಿಲ್ಲ. ಹೇಳುವಾಗ ನಂಗೂ ಅವು ನೆನಪಾಗ್ತಿರ್ಲಿಲ್ಲ.

"ಅಷ್ಟು ಚಂದದ ಊರು ಬಿಟ್ಟು ಇಲ್ಲಿ ಯಾಕೆ ಟೇಬಲ್ ಒರೆಸ್ತೀಯ, ಮಾರಾಯಾ?" ಅಂತ ನಗ್ತಾರೆ. 'ಮಾರಾಯಾ' ನಾನೇ ಕಲಿಸಿದ್ದು.

ಸೊಳ್ಳೆಪರದೆ ಕಟ್ಟಿಡು. ಸಾರಿಗೆ ಖಾರ ಕಡಿಮೆ ಹಾಕು. ಸಂಜೆ ಕಡಲ ಹತ್ತಿರ ಕರ್ಕೊಂಡು ಹೋಗು, ಅದೊಂದು ನಾನು ಹೇಳಿದ ಹಾಗೇ ಉಂಟಲ್ಲ.

ಆದ್ರೂ ಬೇಜಾರಾಗಿ ಲಂಡನ್ನಿಗೇ ವಾಪಸ್ ಹೋಗ್ತೇನೆ ಅಂದ್ರೆ ತಡೀಬೇಡ, ಅಕ್ಕಾ.

ನಿನ್ನ ತಮ್ಮ
ಸುಧಾಕರ