ಉಕ್ಕಿನ ಹಡಗಿಗೆ ಮರದ ಬೆಣೆ

ಫಳ್ನೀರ್, ಮಂಗಳೂರು
ತಾ. ೧೧-೧೨-೧೯೮೩, ಆದಿತ್ಯವಾರ

ಚಿರಂಜೀವಿ ಚಿತ್ತರಂಜನನಿಗೆ ಸೋದರಮಾವ ಸರ್ವೋತ್ತಮ ಶೆಟ್ಟಿಯು ಆಶೀರ್ವಾದಪೂರ್ವಕ ಮಾಡಿಕೊಳ್ಳುವ ನಿವೇದನೆ ಏನೆಂದರೆ —

ಹಿರಿಯನು ಕಿರಿಯನಿಗೆ ನಿವೇದನೆ ಮಾಡಿಕೊಳ್ಳುವ ಕ್ರಮವಿಲ್ಲವೆಂಬುದನ್ನು ಬಲ್ಲೆ. ಆದರೆ ಮೂವತ್ತೆಂಟು ವರ್ಷ ವಕೀಲರ ಕಚೇರಿಯಲ್ಲಿ ಅರ್ಜಿಗಳ ನಕಲು ತೆಗೆದ ಈ ಕೈಗೆ ಬೇರೆ ಆರಂಭ ಬಾರದು. ಈ ಪತ್ರದ ಮಟ್ಟಿಗೆ ಅದೇ ಯೋಗ್ಯವೆಂದೂ ಮುಂದೆ ನಿನಗೆ ತೋರೀತು.

ನಿನ್ನ ಪತ್ರದಲ್ಲಿ ಎರಡು ಪ್ರಶ್ನೆಗಳಿದ್ದವು. ನಿನ್ನನ್ನು ಹಡಗಿನಿಂದ ಇಳಿಸಿದ ಆ ಅರ್ಜಿಯನ್ನು ಅಮ್ಮ ಯಾರ ಕೈಯಲ್ಲಿ ಬರೆಸಿದಳು ಎಂಬುದು ಒಂದು. ಇಲ್ಲದ ದಮ್ಮು ಅವಳಿಗೆ ಎಲ್ಲಿಂದ ಬಂತು ಎಂಬುದು ಇನ್ನೊಂದು. ಅಧಿಕಾರಿಗಳು ಅರ್ಜಿಯನ್ನು ತೋರಿಸದೆ, ‘ತಾಯಿ ದಮ್ಮಿನ ರೋಗಿ, ಒಬ್ಬನೇ ಮಗ, ದಡದ ಕೆಲಸ ಕೊಡಬೇಕಾಗಿ ಮನೆಯವರ ಪ್ರಾರ್ಥನೆ’ ಎಂದಷ್ಟೇ ಓದಿ ಹೇಳಿದರೆಂದು ಬರೆದಿದ್ದೀಯೆ. ಹಡಗು ನಿನ್ನನ್ನು ಬಿಟ್ಟು ಸಮರಾಭ್ಯಾಸಕ್ಕೆ ಹೋಯಿತು; ನೀನು ಕೊಚ್ಚಿಯ ಉಗ್ರಾಣದಲ್ಲಿ ಕಂಬಳಿ ಮಡಚುತ್ತ ಕುಳಿತೆ. ಜನವರಿಯ ದೊಡ್ಡ ಅಭ್ಯಾಸದೊಳಗೆ ಹಿಂದಿರುಗದಿದ್ದರೆ ನಿನ್ನ ಜಾಗ ಖಾಯಂ ಆಗಿ ಇನ್ನೊಬ್ಬನಿಗೆ ಹೋಗುವುದೆಂಬುದನ್ನೂ ಓದಿಕೊಂಡೆ. ಈ ಸಿಟ್ಟಿನಲ್ಲಿ ಮೂರು ತಿಂಗಳಿಂದ ನೀನು ನಿನ್ನ ತಾಯಿಗೆ ಒಂದು ಕಾರ್ಡನ್ನೂ ಹಾಕಿಲ್ಲ.

ಉತ್ತರಕ್ಕೆ ಮೊದಲು, ನಾನು ಹಡಗು ನೋಡಿ ಬಂದ ವಿಷಯವನ್ನು ಅರಿಕೆ ಮಾಡಲು ಅಪ್ಪಣೆಯಾಗಬೇಕು.

ಕಳೆದ ಆದಿತ್ಯವಾರ ನೌಕಾದಳದ ದಿನವೆಂದು ಪಣಂಬೂರಿನ ಬಂದರಕ್ಕೆ ಒಂದು ಯುದ್ಧದ ಹಡಗು ಬಂದಿತ್ತು. ಸಾರ್ವಜನಿಕರಿಗೆ ಪ್ರವೇಶವಿತ್ತು. ನಿನ್ನ ತಾಯಿಯನ್ನು ಕರೆದೆ. “ಮಗ ಇಲ್ಲದ ಹಡಗಿನಲ್ಲಿ ಎಂತ ನೋಡ್ಲಿಕ್ಕುಂಟು ಅಣ್ಣ? ನೀನೇ ಹೋಗಿ ಬಾ” ಎಂದಳು. ಕೊಡೆ ಹಿಡಿದುಕೊಂಡು ಒಬ್ಬನೇ ಹೋದೆ. ನಾನೂ ಪ್ರಾಯದಲ್ಲಿ ನೌಕಾದಳಕ್ಕೆ ಸೇರಹೋಗಿ, ಎದೆಯ ಸುತ್ತಳತೆ ಒಂದಂಗುಲ ಸಾಲದೆ ಮುಂಬಯಿಯಿಂದ ಹಿಂದೆ ಬಂದವನೆಂಬ ಕಥೆ ನಿನಗೆ ಗೊತ್ತೇ ಇದೆ. ನಲವತ್ತು ವರ್ಷಗಳ ನಂತರ ಹಡಗಿನ ಏಣಿಯನ್ನು ಹತ್ತುವಾಗ ಯಾರೂ ನನ್ನ ಎದೆಯನ್ನು ಅಳೆಯಲಿಲ್ಲ.

ಬಜಪೆಯ ಮೊರಿಸ್ ಎಂಬ ನಾವಿಕನು ನಮ್ಮ ಗುಂಪಿಗೆ ಎಲ್ಲವನ್ನೂ ತೋರಿಸಿದನು. ಬಾಗಿಲುಗಳಿಗೆಲ್ಲ ಏಕೆ ನಂಬರು? ಹೊಸ್ತಿಲು ಏಕೆ ಮೊಣಕಾಲೆತ್ತರ? ಬೆಂಕಿ ಬಿದ್ದ ಕೋಣೆಯ ಬಾಗಿಲನ್ನು ಮುಚ್ಚಲು ಅಪ್ಪಣೆ ಯಾರದು? ನಾನು ಕೇಳುತ್ತ ಹೋದೆ. ಅವನು ನಕ್ಕು, “ಶೆಟ್ರೇ, ನೀವು ಕೋರ್ಟಿನವರಾ ಎಂತ? ನಮ್ಮ ಕ್ಯಾಪ್ಟನ್ ಸಹ ಇಷ್ಟು ಕೇಳುದಿಲ್ಲ” ಎಂದನು. ನಾನದನ್ನು ಪ್ರಶಂಸೆಯೆಂದೇ ಸ್ವೀಕರಿಸಿದೆನು.

ಅಷ್ಟರಲ್ಲಿ ಅಪಾಯದ ಗಂಟೆ ಹೊಡೆಯಿತು. ಪ್ರದರ್ಶನದ ಅಭ್ಯಾಸವೆಂದು ಮೊದಲೇ ಸಾರಿದ್ದರು. ನಾನು ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಿಸುವಷ್ಟರಲ್ಲಿ ಹಡಗಿನ ಮೇಲಟ್ಟದಲ್ಲಿ ಒಬ್ಬ ನಾವಿಕನೂ ಇರಲಿಲ್ಲ. ಎಲ್ಲ ಬಾಗಿಲುಗಳೂ ಬಿಗಿದಿದ್ದವು. ಒಬ್ಬರನ್ನೊಬ್ಬರು ಕರೆಯಲಿಲ್ಲ, ಎಲ್ಲಿಗೆಂದು ಕೇಳಲಿಲ್ಲ. ಅದು ಹೇಗೆ ಸಾಧ್ಯವೆಂದು ಬೆರಗಾಗಿ ನಿಂತವನಿಗೆ ಮೊರಿಸನು ಅನಂತರ ಒಂದು ಹಲಗೆಯನ್ನು ತೋರಿಸಿದನು. ಬೆಂಕಿ ಬಿದ್ದರೆ ಯಾರು ಎಲ್ಲಿ, ನೀರು ನುಗ್ಗಿದರೆ ಯಾರು ಎಲ್ಲಿ, ಹಡಗನ್ನು ತೊರೆಯಬೇಕಾದರೆ ಯಾರು ಎಲ್ಲಿ ಎಂದು ಪ್ರತಿಯೊಬ್ಬನ ಹೆಸರೂ ಅದರಲ್ಲಿತ್ತು. ಚಿತ್ತರಂಜನಾ, ಸಾವಿರಾರು ದಸ್ತಾವೇಜುಗಳನ್ನು ಬರೆದಿದ್ದೇನೆ. ಒಂದು ಶಬ್ದವೂ ಹೆಚ್ಚಿಲ್ಲದ ಅಂಥ ಬರಹವನ್ನು ಕಂಡಿರಲಿಲ್ಲ.

ಹಲಗೆಯ ಪಕ್ಕದ ಪೆಟ್ಟಿಗೆಯಲ್ಲಿ ನೀನು ಹಿಂದೊಮ್ಮೆ ಪತ್ರದಲ್ಲಿ ಬರೆದಿದ್ದ, ತೂತು ಮುಚ್ಚುವ ಮರದ ಬೆಣೆಗಳಿದ್ದವು. ಉಕ್ಕಿನ ಹಡಗಿಗೆ ಮರದ ಬೆಣೆಯೇ ಎಂದು ಕೇಳಿದೆ. “ಉಕ್ಕು ಉಬ್ಬುದಿಲ್ಲ ಶೆಟ್ರೇ. ಮರ ನೀರು ಕುಡಿದು ಉಬ್ತದೆ, ತೂತನ್ನು ಅದೇ ಗಟ್ಟಿ ಹಿಡೀತದೆ” ಎಂದನು. ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. ನಮ್ಮ ದನದ ಹಟ್ಟಿಯ ಗೂಟದಷ್ಟೇ ಇದೆ.

ಹಲಗೆಯಲ್ಲಿ ಒಂದು ಹೆಸರಿನ ಮೇಲೆ ಗೀಟು ಬಿದ್ದಿತ್ತು. ಇವನೆಲ್ಲಿ ಎಂದೆ.

“ಅವ ರಜೆಯಲ್ಲಿ. ಈಗ ಬೆಣೆ ಹಿಡಿಯುದೂ ನಾನೇ, ಸುತ್ತಿಗೆ ಹೊಡೆಯುದೂ ನಾನೇ.”

ಇನ್ನೊಬ್ಬನು ಬರುವವರೆಗೆ ಕಾದರಾಗದೆ ಎಂದು ಕೇಳಿದೆ.

“ನಾನು ಕಾಯಬಹುದು. ನೀರು ಕಾಯ್ತದಾ ಮಾರಾಯ್ರೇ?”

ಪಣಂಬೂರಿನಿಂದ ಬಸ್ಸಿನಲ್ಲಿ ಹಿಂದಿರುಗುವಾಗ ಇಳಿಯಬೇಕಾದ ಸ್ಟಾಪು ದಾಟಿ ಪೇಟೆಯ ಹಳೆ ಬಂದರ್‌ವರೆಗೂ ಹೋದೆ. ಮೀನಿನ ಮಾರ್ಕೆಟಿನ ಎದುರು ಇಳಿದು, ಬಿಸಿಲಲ್ಲಿ ಕೊಡೆ ಬಿಡಿಸದೆ ನಡೆದು ಮನೆ ಸೇರಿದೆ.

ಆ ಅರ್ಜಿಯನ್ನು ಬರೆದವನು ನಾನು.

ಜುಲಾಯಿಯಲ್ಲಿ ನಿನ್ನ ಪತ್ರ ಬಂದಿತ್ತು. ತರಬೇತಿಯ ಕೋಣೆಯೊಳಗೆ ನಿಮ್ಮನ್ನು ನಿಲ್ಲಿಸಿ, ದೀಪವಾರಿಸಿ, ನೀರು ಬಿಟ್ಟರೆಂದೂ, ಎದೆಮಟ್ಟದ ನೀರಿನಲ್ಲಿ ನಿಂತು ಗೋಡೆಯ ತೂತಿಗೆ ಬೆಣೆ ಬಡಿದೆಯೆಂದೂ ಸಂಭ್ರಮದಿಂದ ಬರೆದಿದ್ದೆ. ನಿನ್ನ ಪತ್ರಗಳನ್ನು ನಾನು ಗಟ್ಟಿಯಾಗಿ ಓದುವುದು, ನಿನ್ನ ತಾಯಿ ಕೇಳುವುದು ನಮ್ಮ ಮನೆಯ ಕ್ರಮವಷ್ಟೆ. ಆ ಪುಟವನ್ನು ನಾನು ಓದದೆ ಮಗುಚಿದೆನು. ಮರುದಿನವೇ ಬರೆಯಲು ಕುಳಿತೆ. ಅವಳನ್ನು ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಅಳಿಯಕಟ್ಟಿನಲ್ಲಿ ಅಳಿಯನ ರಕ್ಷಕನು ಮಾವನೇ, ಕುಟುಂಬದ ಯಜಮಾನನು ಕೇಳಬೇಕಾದದ್ದು ಯಾರನ್ನು ಎಂಬ ಗತ್ತು ನನಗಿತ್ತು. ‘ರಕ್ಷಕ ಹಾಗೂ ಯಜಮಾನ’ ಎಂದೇ ರುಜು ಹಾಕಿದೆ. ಭಾಷೆ ಎಷ್ಟು ಬಿಗಿಯಾಗಿತ್ತೆಂದರೆ ಕೇಳಿದ್ದು ಸಿಕ್ಕಿತು. ಆಗ ಹೆಮ್ಮೆಪಟ್ಟೆನೆಂಬುದನ್ನು ಮುಚ್ಚಿಡಲಾರೆ. ನಿನ್ನ ತಾಯಿ ಅಂಚೆಯವನ ದಾರಿ ನೋಡುತ್ತಿದ್ದ ಮೂರು ತಿಂಗಳೂ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಹೆಮ್ಮೆಯೆಂಬ ಹೆಸರೂ ಸಲ್ಲದು.

ಇಂದು ಬೆಳಿಗ್ಗೆ ಅವಳಿಗೆ ಹೇಳಿದೆ. ಕಾವಲಿಯ ಮೇಲೆ ನೀರುದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದೇ ತಿರುಗಿದಳು.

“ನನಗೆ ದಮ್ಮು ಕೊಟ್ಟದ್ದು ನೀನಾ? ಮಗನ ಕಾಗದ ಇಲ್ಲ ಅಂತ ನಾನು ಕದ್ರಿ ದೇವರಿಗೆ ಹರಕೆ ಹೇಳ್ತಿದ್ದೆ, ನೀನು ಎದುರು ಕೂತು ಇನ್ನೊಂದು ದೋಸೆ ಹಾಕು ಅಂತಿದ್ದಿ!”

ದೋಸೆ ಕರಟಿತು. ನಾನು ಎದ್ದು ಹೊರಡುವಾಗ ಹಿಂದಿನಿಂದ ಹೇಳಿದಳು: “ಅವನಿಗೆ ಬರಿ. ಅಮ್ಮನಿಗೆ ದಮ್ಮಿಲ್ಲ, ಸಿಟ್ಟುಂಟು. ಅರ್ಧ ನಿನ್ನ ಮೇಲೆ, ಅರ್ಧ ಅವನ ಮೇಲೆ. ಕೇಳದೆ ನಂಬಿದನಲ್ಲ.” ಹೇಳಿದಂತೆಯೇ ನಕಲು ಮಾಡಿದ್ದೇನೆ.

ಇದರೊಂದಿಗೆ ನಿನ್ನ ಮೇಲಧಿಕಾರಿಗಳಿಗೆ ಒಂದು ಹೊಸ ಅರ್ಜಿಯಿದೆ. ಹಿಂದಿನದು ಸುಳ್ಳು, ಬರೆದವನು ನಾನು, ತಾಯಿಗೂ ಮಗನಿಗೂ ಅದರ ಅರಿವಿರಲಿಲ್ಲ, ಹುಡುಗನನ್ನು ಹಡಗಿಗೆ ಹಿಂದಿರುಗಿಸಬೇಕು — ನಾಲ್ಕೇ ಸಾಲು. ಇದಕ್ಕೆ ನನ್ನ ಕಡತದಲ್ಲಿ ಮಾದರಿ ಇರಲಿಲ್ಲ. ಏಳು ಹಾಳೆ ಹರಿದೆ. ಕೊಡುವುದೂ ಬಿಡುವುದೂ ನಿನ್ನ ಇಚ್ಛೆ. ಈ ಸಲ ಕೇಳುತ್ತಿದ್ದೇನೆ.

ಮರುಟಪಾಲಿನಲ್ಲೇ ಮೊದಲು ನಿನ್ನ ತಾಯಿಗೆ ಬರೆ. ಜಾಗ ಉಳಿದರೆ ನನಗೂ ಎರಡು ಸಾಲು ಬರೆ: ಆ ಬೆಣೆ ಯಾವ ಮರದ್ದು? ಮೊರಿಸನಿಗೆ ಗೊತ್ತಿರಲಿಲ್ಲ. ಹಲಸಂತೂ ಅಲ್ಲ. ಎಷ್ಟು ಹೊತ್ತಿನಲ್ಲಿ ಉಬ್ಬುತ್ತದೆ? ಕತ್ತಲಲ್ಲಿ ತೂತನ್ನು ಕೈಯಿಂದ ಹುಡುಕುತ್ತೀರಾ, ನೀರಿನ ಸದ್ದಿನಿಂದಲೋ?

ಇಂತು, ನಿನ್ನ ರಕ್ಷಕನೆಂದು ಈ ಬಾರಿ ರುಜು ಹಾಕದ,
ನಿನ್ನ ಮಾವ
ಸರ್ವೋತ್ತಮ ಶೆಟ್ಟಿ

ತಾ.ಕ.: ದಮ್ಮು ಎಲ್ಲಿಂದ ಬಂತೆಂಬ ಪ್ರಶ್ನೆ ಉಳಿಯಿತು. ನನ್ನ ಸೋದರಮಾವ ಮಹಾಬಲ ಶೆಟ್ಟರು ತೀರಿದ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಅರ್ಜಿಯ ನಕಲು ಸಿಕ್ಕಿತ್ತು. ೧೯೪೩ರಲ್ಲಿ ಮುಂಬಯಿಗೆ ಬರೆದದ್ದು: ‘ಸರ್ವೋತ್ತಮನ ತಾಯಿ ದಮ್ಮಿನ ರೋಗಿ, ಒಬ್ಬನೇ ಮಗ, ಬಿಡುಗಡೆ ಮಾಡಬೇಕಾಗಿ ಪ್ರಾರ್ಥನೆ.’ ನನ್ನನ್ನು ಹಿಂದೆ ಕಳುಹಿಸಿದ್ದು ಆ ಅರ್ಜಿ; ನನ್ನ ಎದೆಯ ಅಳತೆ ಸರಿಯಾಗಿಯೇ ಇತ್ತು. ನಾನು ಅದನ್ನೇ ಹೆಸರು ಬದಲಿಸಿ ನಕಲು ಮಾಡಿದ್ದೆ. ದಮ್ಮನ್ನು ತೆಗೆಯಲು ಮರೆತೆ. ನಿನ್ನ ಅಜ್ಜಿ ಎಪ್ಪತ್ತೆಂಟನೆಯ ವಯಸ್ಸಿನಲ್ಲೂ ಕದ್ರಿಯ ಮೆಟ್ಟಿಲನ್ನು ಎಲ್ಲಿಯೂ ನಿಲ್ಲದೆ ಹತ್ತುತ್ತಿದ್ದಳು. ದಮ್ಮು ಅವಳಿಗೂ ಇರಲಿಲ್ಲ.