ಅಕ್ಕನ ಆರು ಗಂಟೆಯ ಫೋನು

ಪಾಲಕೋಡ್, 3-2-97, ಸೋಮವಾರ. ಸಂಜೆ 7

ಇವತ್ತೂ ಫೋನಿನ ಆಂಟೆನಾ ಮಡಚಿಟ್ಟೆ, ಮಾತು ಹೊರಗೆ ಹೋಗದಿರಲೆಂದು. ಪ್ರಯೋಜನ ಸೊನ್ನೆ. ಪಕ್ಕದ ಮನೆ ಮುನಿವೆಂಕಟಮ್ಮನದೂ ನಮ್ಮದೇ ಜಾತಿಯ ಕಾರ್ಡ್‌ಲೆಸ್. ಅಲ್ಲಿ ಬಟನ್ ಒತ್ತಿದರೆ ಇಲ್ಲಿನ ಮಾತು ಅಲ್ಲಿ ಬಿತ್ತರ! ತಂತಿಯೂ ಇಲ್ಲ, ತಂತ್ರವೂ ಇಲ್ಲ. ಹಳೆಯ ಕಪ್ಪು ಫೋನನ್ನು ಬೀಳಿಸಿ ಒಡೆದವನು ನಾನೇ... ಯಾರನ್ನು ಬೈಯಲಿ?

ದಿನಾ ಆರಕ್ಕೆ ನಂಗವಳ್ಳಿಯಿಂದ ಚೆನ್ನಕೇಶವ ಮೇಷ್ಟ್ರು ನನ್ನಕ್ಕ ಭಾಗ್ಯಳಿಗೆ ಫೋನ್ ಮಾಡುತ್ತಾರೆ. ಭಾವ ತೀರಿಕೊಂಡು ಆರು ವರ್ಷ. ಈಗ ಅಕ್ಕ ಮತ್ತೆ ಮದುವೆಗೆ ಮನಸ್ಸು ಮಾಡಿದ್ದಾಳೆ. ಮೇಷ್ಟ್ರು ತಮ್ಮ ತಾಯಿಗೆ ಇನ್ನೂ ಹೇಳಿಲ್ಲ. ಕಂಡವರ ಬಾಯಿಂದ ಕೇಳಿದರೆ ಆಕೆ ಒಪ್ಪುವುದುಂಟೆ?

ಅಕ್ಕ, ಮೇಷ್ಟ್ರು ಇಬ್ಬರೂ ತಮಿಳು ಶಾಲೆಯಲ್ಲಿ ಓದಿದವರು; ಮನೆಮಾತು ಕನ್ನಡವಾದರೂ ತಮಿಳಿನಲ್ಲೇ ಪ್ರೀತಿ. ನಾಳೆಯಿಂದ ಬರೀ ಕನ್ನಡ ಎಂದು ಕಟ್ಟಪ್ಪಣೆ ಮಾಡಿದ್ದೇನೆ. ಪಕ್ಕದವಳಿಗೆ ಕನ್ನಡ ಎಲ್ಲಿಂದ ಬರಬೇಕು!

5-2, ಬುಧವಾರ

ನಲ್ಲಿಯ ಹತ್ತಿರ ಮುನಿವೆಂಕಟಮ್ಮ: "ಮೇಷ್ಟ್ರು ಅವ್ವನ್ಗೆ ಯೋಳಕ್ಕೆ ಎದುರ್ಕತಾ ಅವ್ರಂತಲ್ಲಪ್ಪಾ?"

ಅಚ್ಚ ಕನ್ನಡ! ಹನ್ನೆರಡು ವರ್ಷ ಇಬ್ಬರೂ ತಮಿಳಿನಲ್ಲೇ "ಸಾಪ್ಟಿಯಾ" ಎಂದು ಊಟ ವಿಚಾರಿಸಿಕೊಂಡು ಬಂದಿದ್ದೇವೆ.

"ನೀವೂ ನಮ್ ಮಾತಾ?"

"ನಾವು ಕುರಿ ಕಾಯ್ದೋರು ಕಣಪ್ಪ, ಮನ್ಯಾಗೆ ಕನ್ನಡ್ವೇ. ನೀವೇ ತಮಿಳೋರು ಅಂದ್ಕಂಡಿದ್ದೆ. ನೆನ್ನೆ ಫೋನ್ನಾಗೆ ಕೇಳಿ ಒಟ್ಟೆ ತಣ್ಗಾಯ್ತು."

ನನ್ನ ಹೊಟ್ಟೆ ಉರಿಯಿತು. ಕದ್ದು ಕೇಳಿದ್ದಕ್ಕೆ ಒಂದಿಷ್ಟು ನಾಚಿಕೆ? ಊಹೂಂ.

9-2, ಭಾನುವಾರ

ಫೋನಿನ ಪೀಠವನ್ನು ತಗಡಿನ ಅಕ್ಕಿ ಡ್ರಮ್ಮಿನೊಳಗೆ ಕೂರಿಸಿ ಮುಚ್ಚಳ ಹಾಕಿದೆ. ಮಾತು ಗೋಡೆ ದಾಟಲಿಲ್ಲ. ಅಡುಗೆಮನೆಯನ್ನೂ ದಾಟಲಿಲ್ಲ. ಅಕ್ಕ ಡ್ರಮ್ಮು ತಬ್ಬಿಕೊಂಡು ಕೂತು ಮಾತಾಡಿದಳು.

"ಲೇ, ನಾನೇನ್ ಕಳ್ತನ ಮಾಡಿದ್ದೀನಾ?" — ಸಿಡಿದದ್ದು ನನ್ನ ಮೇಲೆ.

20-2, ಗುರುವಾರ. ಸಂಜೆ 6.30

ಮುನಿವೆಂಕಟಮ್ಮನ ಬಾಯಿಂದ ಹೊರಟ ಸುದ್ದಿ ಬಸ್ಸು ಹತ್ತಿ ನಂಗವಳ್ಳಿ ಸೇರಿತು. ಮೇಷ್ಟ್ರ ತಾಯಿ ಅನ್ನ ಬಿಟ್ಟು ಕೂತರಂತೆ. ಮೂರು ದಿನ ಫೋನಿಲ್ಲ. ಅಕ್ಕನ ಮುಖ ನೋಡಲಾಗಲಿಲ್ಲ.

ಇವತ್ತು ಮೇಷ್ಟ್ರ ಫೋನು ಬಂತು. "ಅಮ್ಮ ಬರಲ್ಲ ಭಾಗ್ಯ. ನಾನ್ ಬತ್ತೀನಿ. ಸೋಮ್ವಾರ ರಿಜಿಸ್ಟರ್ ಆಫೀಸು."

ಅಕ್ಕ ಪೀಠವನ್ನು ಡ್ರಮ್ಮಿನಿಂದ ಎತ್ತಿ ಕಿಟಕಿಯ ಮೇಲಿಟ್ಟಳು. ಅಂಗಳಕ್ಕೆ ಹೋಗಿ ಫೋನಿನಲ್ಲೇ ಕೂಗಿದಳು:

"ಮುನಿವೆಂಕಟಕ್ಕಾ, ಕೇಳ್ತಾ ಇದ್ದೀಯಲ್ಲ? ಸಾಕ್ಷಿ ರುಜುಗೆ ಒಬ್ರು ಕಡ್ಮೆ ಅವ್ರೆ. ಊರಿಗೆಲ್ಲಾ ಯೋಳಿದ್ಯಲ್ಲ, ಅಲ್ಲೂ ಬಂದು ಯೋಳು!"

ಲೈನಿನಲ್ಲಿ ಕರಕರ. ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು ಮೂರನೆಯ ದನಿ:

"ಎಷ್ಟೊತ್ಗೆ ಬರ್ಲಮ್ಮಾ?"

ಚೆನ್ನಾಗಿ ಉಗಿಯೋಣವೆಂದು ಫೋನ್ ಕಿತ್ತುಕೊಂಡೆ. ಅಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, "ಅತ್ತು ಗಂಟೆಗೆ ಬಾಕ್ಕಾ, ಊಟ ನಮ್ಮನೇಲೇ" ಅಂದಳು. ನಾನು ಡ್ರಮ್ಮಿನಲ್ಲಿ ಅಕ್ಕಿ ಎಷ್ಟಿದೆ ಎಂದು ನೋಡಲು ಹೋದೆ.