ಸಭೆ ಮುಗಿಯುವವರೆಗೆ ಗಾಳಿ ಕಾಯಲಿಲ್ಲ

ಸಾಹಸೋತ್ಸವದ ಉಸ್ತುವಾರಿ ಹೊತ್ತ ಮಾನ್ಯರೇ,

ಫೆಬ್ರವರಿಯಲ್ಲಿ ತೋಡಾರಿನ ಮೈದಾನದಲ್ಲಿ ನಡೆದ ಪ್ಯಾರಾಚೂಟ್ ಅವಘಡದ ಬಗ್ಗೆ ತಾವು ಬರೆದ ಎರಡು ಪುಟಗಳ ವರದಿ ಓದಿದೆ. ಅದರಲ್ಲಿ ನನ್ನ ಬಗ್ಗೆ ಒಂದು ಸಾಲು ಉಂಟು: “ಕಾಂತಿ ಎಂಬ ಮಹಿಳೆಯು ಭಯದ ಕಾರಣ ಹಾರಲಿಲ್ಲ.” ನನ್ನ ಚಿಕ್ಕಮ್ಮನ ಮಗ ಉಜ್ವಲನ ಬಗ್ಗೆ ಇನ್ನೊಂದು: “ಉಜ್ವಲ ಎಂಬ ಯುವಕನ ವೈಯಕ್ತಿಕ ಅಜಾಗರೂಕತೆಯಿಂದ ಗಾಯವಾಗಿದೆ.” ಹಾರದವಳು ಹೇಡಿ, ಹಾರಿದವನು ಅಜಾಗರೂಕ. ಹಾಗಾದರೆ ನಾವು ಏನು ಮಾಡಿದ್ದರೆ ತಮಗೆ ಸಮಾಧಾನವಾಗುತ್ತಿತ್ತು? ಅರ್ಧಕ್ಕೆ ಹಾರಿ ಆಕಾಶದಲ್ಲೇ ನಿಲ್ಲಬೇಕಿತ್ತೇ?

ನಾನು ಶಿರ್ತಾಡಿಯವಳು. ದುಬೈಯಲ್ಲಿ ಕೆಲಸಕ್ಕಿದ್ದ ಒಂಬತ್ತು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಸಲ ವಿಮಾನದಿಂದ ಹಾರಿದ್ದೇನೆ. ಉಜ್ವಲನಿಗೆ ಈ ಹುಚ್ಚು ಹಿಡಿಸಿದವಳು ನಾನೇ. ಅವನು ಹಾರಿದ್ದು ಅರವತ್ತು ಸಲ. “ಊರಿನ ಪ್ರತಿಭೆಗಳು” ಎಂದು ನಮ್ಮನ್ನು ಕರೆಸಿದ್ದು ತಾವು. ಬೆಳಿಗ್ಗೆ ಏಳೂವರೆಗೆ ಹಾರಾಟ, ಒಂಬತ್ತಕ್ಕೆ ಸಭೆ ಎಂದು ಒಪ್ಪಿದ್ದೂ ತಾವೇ. ನಮ್ಮಲ್ಲಿ ಆ ತಿಂಗಳು ಬೆಳಿಗ್ಗೆ ಎಲೆ ಅಲ್ಲಾಡುವುದಿಲ್ಲ, ಹನ್ನೊಂದು ದಾಟಿತೆಂದರೆ ಕಡಲ ಗಾಳಿ ಏಳುತ್ತದೆ. ಅಂಗಳದಲ್ಲಿ ಬಟ್ಟೆ ಒಣಗಿಸುವ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ ಇದು. ಗಾಳಿ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಿದರೆ ಹಾರುವಂತಿಲ್ಲ ಎಂಬ ಕಾಗದಕ್ಕೆ ತಮ್ಮ ಸಹಿಯೂ ಬಿದ್ದಿತ್ತು.

ಆದರೆ ಮುಖ್ಯ ಅತಿಥಿಗಳು ಬರಲಿಲ್ಲ. “ಅವರಿಲ್ಲದೆ ಹಾರಿದರೆ ಚೆಂದ ಉಂಟಾ?” ಎಂದಿರಿ. ಅವರು ಬಂದದ್ದು ಹತ್ತೂವರೆಗೆ. ಬಂದ ಮೇಲೆ ಪ್ರಾರ್ಥನೆ, ದೀಪ, ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ. ಸಾಹಸದ ಮಹತ್ವದ ಬಗ್ಗೆ ನೆರಳಿನಲ್ಲಿ ಕುಳಿತವರಿಂದ ನಾಲ್ಕು ಭಾಷಣ. ಗಾಳಿಯ ದಿಕ್ಕು ತೋರಿಸಲು ನಾವು ಕಂಬಕ್ಕೆ ಕಟ್ಟಿದ್ದ ಬಟ್ಟೆಯ ಚೀಲವನ್ನು ತಾವು ಬಿಚ್ಚಿಸಿದಿರಿ. ಸ್ವಾಗತದ ಬ್ಯಾನರಿಗೆ ಕಂಬ ಕಡಿಮೆಯಾಗಿತ್ತಂತೆ. ನಾವು ಇಳಿಯಬೇಕಾದ ಜಾಗದ ಅರ್ಧದಲ್ಲಿ ಅತಿಥಿಗಳ ಕಾರು ನಿಲ್ಲಿಸಿದಿರಿ. ಗಾಳಿ ಅಳೆಯಲು ಬಂಟ್ವಾಳದಿಂದ ಬಂದಿದ್ದ ಅಜ್ಮಲ್ ವೇದಿಕೆಯ ಪಕ್ಕಕ್ಕೆ ಬಂದು ಗಾಳಿ ಮಿತಿ ದಾಟಿದೆ ಎಂದು ಹೇಳಿದ್ದಕ್ಕೆ ತಮ್ಮ ಉತ್ತರ ನನಗೆ ಬಾಯಿಪಾಠ ಆಗಿದೆ: “ಎಂತ ಮಾರಾಯ, ಒಂದೈದು ನಿಮಿಷ ಗಾಳಿ ಕಮ್ಮಿ ಆಗುವುದಿಲ್ವಾ?” ಅತಿಥಿಗಳಿಗಾಗಿ ಮೂರು ಗಂಟೆ ಕಾಯಬಲ್ಲ ತಾವು ಗಾಳಿಗಾಗಿ ಮರುದಿನದ ಬೆಳಗಿನವರೆಗೆ ಕಾಯಲಾರದೆ ಹೋದಿರಿ.

ಹನ್ನೆರಡೂವರೆಗೆ ಹೆಲಿಕಾಪ್ಟರ್ ಏರಿದೆವು. ಏರಲೇಬಾರದಿತ್ತು, ಒಪ್ಪುತ್ತೇನೆ. ಮೇಲೆ ಹೋದಾಗ ವಾಕಿಟಾಕಿಯಲ್ಲಿ ಅಜ್ಮಲನ ದನಿ ಬಂತು: “ಅಕ್ಕ, ಮೂವತ್ತನಾಲ್ಕು ತೋರಿಸ್ತಾ ಉಂಟು. ಬೇಡ, ವಾಪಸ್ ಬನ್ನಿ.” ಅದರ ಬೆನ್ನಿಗೇ ತಮ್ಮ ದನಿ: “ಒಂದು ಸಲ ಹಾರಿ ಬಿಡಿಯಮ್ಮ, ಸಾಹೇಬರಿಗೆ ಬೆಳ್ತಂಗಡಿಯಲ್ಲಿ ಇನ್ನೊಂದು ಕಾರ್ಯಕ್ರಮ ಉಂಟು.” ನಾನು ಆಗುವುದಿಲ್ಲ ಎಂದೆ. ಉಜ್ವಲ ಕೆಳಗೆ ನೋಡಿದ. “ಇಬ್ಬರೂ ಹಾಗೇ ಇಳಿದರೆ ಊರಲ್ಲಿ ತಲೆ ಎತ್ತಲಿಕ್ಕೆ ಉಂಟಾ ಅಕ್ಕ? ನಾನು ಹಾರ್ತೇನೆ” ಎಂದು ಹೋದ. ಗಾಳಿ ಅವನನ್ನು ಮೈದಾನದ ಆಚೆಗೆ ಎಳೆದುಕೊಂಡು ಹೋಗಿ ಕೆಂಪುಕಲ್ಲಿನ ಕಂಪೌಂಡಿಗೆ ಬಡಿಯಿತು. ತೊಡೆಯ ಮೂಳೆ, ಸೊಂಟ ಎರಡೂ ಮುರಿದವು. ಅವನನ್ನು ಎತ್ತುವಾಗಲೂ ಮೈಕಿನಲ್ಲಿ ವಂದನಾರ್ಪಣೆ ನಡೆಯುತ್ತಿತ್ತು. ಹೆಲಿಕಾಪ್ಟರಿನಲ್ಲೇ ಇಳಿದ ನನ್ನನ್ನು ಜನ ಹೋ ಎಂದು ಕೂಗಿ ಗೇಲಿ ಮಾಡಿದರು.

ಅಪಾಯವೇ ಇಲ್ಲದ ಆಟ ಬೇಕೆಂದು ನಾನು ಕೇಳುತ್ತಿಲ್ಲ, ಮಾನ್ಯರೇ. ಹಾಗೆ ಬೇಕಿದ್ದರೆ ಕೇರಂ ಆಡಿಕೊಂಡಿರುತ್ತಿದ್ದೆ. ನನ್ನ ಜೀವವನ್ನು ನಾನು ಲೆಕ್ಕ ಹಾಕಿ ಪಣಕ್ಕಿಡುವುದು ನನ್ನ ಹಕ್ಕು. ಆದರೆ ಆ ಲೆಕ್ಕವನ್ನು ಶಾಲು ಹೊದ್ದವರ ಗಡಿಯಾರ ನೋಡಿ ಮಾಡಲು ನಾನು ಯಾರಿಗೂ ಅನುಮತಿ ಕೊಟ್ಟಿಲ್ಲ. ನಾನು ಕಲಿತ ಕಡೆ, ಹಾರದೆ ವಿಮಾನದಲ್ಲೇ ವಾಪಸ್ ಬಂದವರ ಬಳಿ ಯಾರೂ ಕಾರಣ ಕೇಳುವುದಿಲ್ಲ. ಚಹಾ ಕುಡಿದು ಮರುದಿನ ಬರುತ್ತಾರೆ, ಅಷ್ಟೇ. ಇಲ್ಲಿ ವಾಪಸ್ ಬಂದವಳ ಹೆಸರು ಸರಕಾರಿ ಕಾಗದದಲ್ಲಿ ಭಯದ ಪಕ್ಕ ಕೂತಿದೆ. ಇದನ್ನು ಓದಿದ ಯಾವ ಹುಡುಗಿ ನಾಳೆ ಬೇಡ ಎನ್ನುವ ಧೈರ್ಯ ಮಾಡುತ್ತಾಳೆ?

ಡಿಸೆಂಬರಿನ ಉತ್ಸವದ ಆಮಂತ್ರಣವೂ ಕೈ ಸೇರಿದೆ. ಕಾಲೇಜಿನ ಎಂಟು ಮಕ್ಕಳು ಹಾರುತ್ತಾರಂತೆ, “ಸಭಾ ಕಾರ್ಯಕ್ರಮದ ನಂತರ”. ತಪ್ಪೆಲ್ಲ ಉಜ್ವಲನದ್ದೇ ಎಂದು ವರದಿಯಾದ ಮೇಲೆ ಬದಲಾಯಿಸುವುದಕ್ಕೆ ಏನು ಉಳಿಯಿತು? ಅವನೂ ಈಗ ಅದನ್ನು ನಂಬಿದ್ದಾನೆ. ನೋಡಲು ಬಂದವರ ಹತ್ತಿರವೆಲ್ಲ “ನನ್ನದೇ ತಪ್ಪು, ಯಾರನ್ನೂ ದೂರಬೇಡಿ” ಎನ್ನುತ್ತಾನೆ. ಇಪ್ಪತ್ತಾರು ವರ್ಷದವನು, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾನೆ.

ತಾವು ವಿಚಾರಣೆಗೆ ನನ್ನನ್ನು ಕರೆಯಲೇ ಇಲ್ಲ. ಕರೆದಿದ್ದರೆ ಒಂದು ವಿಷಯ ಹೇಳುತ್ತಿದ್ದೆ. ಹೆಲಿಕಾಪ್ಟರಿನ ಬಾಗಿಲಲ್ಲಿ ಅವನು ನನ್ನಿಂದ ಒಂದು ಕೈ ದೂರದಲ್ಲಿದ್ದ. ಬೆನ್ನಿನ ಪಟ್ಟಿ ಹಿಡಿದು ಒಳಗೆ ಎಳೆದಿದ್ದರೆ ಸಾಕಿತ್ತು. ಹಾರುವವಳು ನಾನಲ್ಲ, ಅವನ ನಿರ್ಧಾರ ಅವನದ್ದು ಎಂದುಕೊಂಡು ಸುಮ್ಮನೆ ಕುಳಿತೆ.

ಡಿಸೆಂಬರಿನಲ್ಲಿ ಬಿಸಿಲು ಏರುವ ಮೊದಲೇ ಹಾರಾಟ ಮುಗಿಸಿ, ಸಭೆ ಆಮೇಲೆ ಎಷ್ಟು ಹೊತ್ತಾದರೂ ಮಾಡಿ. ಗಾಳಿ ಅಳೆಯುವವನು ಬೇಡ ಎಂದರೆ ಅತಿಥಿಗಳೂ ತಾವೂ ಬಾಯಿ ಮುಚ್ಚಬೇಕು ಎಂದು ಲಿಖಿತವಾಗಿ ಬರೆಯಿರಿ. ಮತ್ತು ವರದಿಯಲ್ಲಿ ಅಜಾಗರೂಕತೆ ಎಂಬಲ್ಲಿಂದ ಉಜ್ವಲನ ಹೆಸರು ತೆಗೆಯಿರಿ. ಯಾರದ್ದಾದರೂ ಹೆಸರು ಇರಲೇಬೇಕೆಂದಿದ್ದರೆ ತಮ್ಮದು ಬರೆಯಿರಿ, ಅದರ ಕೆಳಗೆ ನನ್ನದು. ನಾನು ಬಂದು ಸಹಿ ಹಾಕುತ್ತೇನೆ.

ಇಂತಿ,
ತಮ್ಮನ ಪಟ್ಟಿ ಹಿಡಿಯದೆ ಹೋದ
ಕಾಂತಿ, ಶಿರ್ತಾಡಿ